ಗುಡ್ಡ ಹತ್ತುವ ಚಪ್ಪಲಿ

ಮೂರು ತಿಂಗಳು ಹಾಕಿಕೊಂಡ ಚಪ್ಪಲಿ ಸವೆಯಲೇಬೇಕು. ಮೊದಲು ಹಿಮ್ಮಡಿಯ ಹೊರ ಅಂಚು ಸವೆಯುತ್ತದೆ, ಆಮೇಲೆ ಹೆಬ್ಬೆರಳಿನ ಬುಡದಲ್ಲಿ ತಗ್ಗು ಬೀಳುತ್ತದೆ, ಪಟ್ಟಿಯ ಒಳಮೈ ಬೆವರು ಕುಡಿದು ಕಪ್ಪಾಗುತ್ತದೆ. ಉಗರಗೋಳದ ನಮ್ಮ ಬಾಡಿಗೆ ಕೋಣೆಯಲ್ಲಿ ಅವತ್ತು ನಾನು ಕೈಯಲ್ಲಿ ಹಿಡಿದು ತಿರುವಿ ನೋಡುತ್ತಿದ್ದ ಜೋಡಿಗೆ ಇದ್ಯಾವುದೂ ಆಗಿರಲಿಲ್ಲ. ಅದರ ಒಡತಿಯ ಬಲಗಾಲಿನ ಅಡಿಯಲ್ಲಿದ್ದ ಹುಣ್ಣು ಮಾತ್ರ ರೂಪಾಯಿ ಅಗಲ ಆಗಿತ್ತು.

"ಅಕ್ಕಾರ, ಖರೇ ಹೇಳ್ರಿ. ಚಪ್ಲಿ ಹಾಕ್ಕೊಳ್ಳಾಕತ್ತೀರೋ ಇಲ್ಲೋ?"

"ದಿನಾ ಹಾಕ್ಕೋತೇನ್ರಿ ಬಾಯಾರ. ಮನ್ಯಾಗಿಂದ ಹಾಕ್ಕೊಂಡ ಬರತೇನಿ."

ಆಕೆ ಸುಳ್ಳು ಹೇಳುತ್ತಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ಅರ್ಧವಾಗಿತ್ತು.

ನಾನು ಹುಣ್ಣು ತೊಳೆದು ಕಟ್ಟುವ ನರ್ಸು. ನನ್ನ ಗಂಡ ಚಪ್ಪಲಿ ಮಾಡುವವರು, ಅವರ ಅಪ್ಪನೂ ಅದೇ ಕೆಲಸ ಮಾಡಿದವರು. ನಮ್ಮ ಚಪ್ಪಲಿ ಪೇಟೆಯಲ್ಲಿ ಸಿಗುವಂಥದ್ದಲ್ಲ. ಊರ ಜನ ದೊಡ್ಡ ಬ್ಯಾನಿ ಎನ್ನುವ ಕುಷ್ಠರೋಗ ಗುಳಿಗೆಯಿಂದ ಪೂರ್ತಿ ವಾಸಿಯಾಗುತ್ತದೆ. ಆದರೆ ಕೆಲವರಿಗೆ ಪಾದದ ಸ್ಪರ್ಶ ಹೋದದ್ದು ತಿರುಗಿ ಬರುವುದಿಲ್ಲ. ಮುಳ್ಳು ಚುಚ್ಚಿದರೂ ಕೆಂಡ ತುಳಿದರೂ ಗೊತ್ತಾಗದ ಕಾಲು ಅದು. ಅಂಥ ಕಾಲಿಗೆ ಮೆತ್ತನೆಯ ವಿಶೇಷ ರಬ್ಬರಿನ ಅಡಿ ಹಾಕಿ, ಜಾರದಂತೆ ಹಿಂದೆ ಪಟ್ಟಿ ಕೊಟ್ಟು, ಒಂದೂ ಮೊಳೆ ಬಳಸದೆ ದಾರ ಮತ್ತು ಅಂಟಿನಲ್ಲೇ ಚಪ್ಪಲಿ ಮಾಡಬೇಕು. ಮೊಳೆ ಮೇಲೆದ್ದರೆ ಆ ಕಾಲು ದಿನವಿಡೀ ಅದರ ಮೇಲೆ ನಡೆದುಬಿಡುತ್ತದೆ. ಮಾವನವರು ತಮ್ಮ ಅಂಗಡಿಯಲ್ಲಿ ಮೊಳೆಯ ಡಬ್ಬಿಯನ್ನೇ ಇಟ್ಟಿರಲಿಲ್ಲ.

ನಮ್ಮ ಮನೆ ಬೈಲಹೊಂಗಲದಲ್ಲಿ. ಸೋಮವಾರ ಉಗರಗೋಳ, ಬುಧವಾರ ಕಿತ್ತೂರು, ಶನಿವಾರ ರಾಮದುರ್ಗ. ಬಸ್ಸಿನ ಹಿಂದಿನ ಸೀಟಿನಲ್ಲಿ ರಬ್ಬರ್ ಹಾಳೆಯ ಸುರುಳಿ, ಔಷಧದ ಪೆಟ್ಟಿಗೆ, ನಾವಿಬ್ಬರು. ನನ್ನ ಮೈದುನ ಹೆಂಡತಿ ಮಕ್ಕಳೊಂದಿಗೆ ಒಡಿಶಾದ ಬೆಟ್ಟದ ಊರೊಂದರಲ್ಲಿ ಮಿಷನ್ ಶಾಲೆ ನಡೆಸುತ್ತಾನೆ. ಅವನ ಪತ್ರ ಬಂದರೆ ನಮ್ಮ ಚರ್ಚಿನ ಸಭೆಯಲ್ಲಿ ಆರಾಧನೆಯ ನಡುವೆಯೇ ಓದುತ್ತಾರೆ, ರಜೆಗೆ ಬಂದರೆ ಹಾರ ಹಾಕುತ್ತಾರೆ. ಹಾಕಲಿ, ಕಷ್ಟದ ಕೆಲಸ ಅದು. ಆದರೆ ಸೇವೆ ಎಂದರೆ ಎರಡು ದಿನದ ರೈಲು ಪ್ರಯಾಣವಾದರೂ ಇರಬೇಕು, ಸವದತ್ತಿ ಬಸ್ಸು ಹತ್ತುವುದು ಸೇವೆಯಲ್ಲ ಎಂದು ನಮ್ಮವರು ತಿಳಿದಿದ್ದಾರಲ್ಲ, ಅದಕ್ಕೆ ನನಗೆ ಸಿಟ್ಟಿದೆ. ಮುಚ್ಚಿಟ್ಟು ಏನು ಮಾಡಲಿ?

ಚಪ್ಪಲಿ ಸವೆಯದ ಆ ಹೆಂಗಸು ಯಲ್ಲಮ್ಮನ ಗುಡ್ಡದ ಮೇಲೆ ಭಂಡಾರ, ಕುಂಕುಮ, ಹಸಿರು ಬಳೆ ಮಾರುತ್ತಿದ್ದಳು. ಭಂಡಾರ ಎಂದರೆ ದೇವಿಗೆ ಹಾರಿಸುವ ಅರಿಶಿನ ಪುಡಿ. ನಾವು ಆಕೆಯನ್ನು ಭಂಡಾರದಕ್ಕ ಎಂದೇ ಕರೆಯುತ್ತಿದ್ದೆವು. ಗಂಡ ಹೋಗಿ ಬಹಳ ವರ್ಷ ಆಗಿತ್ತು. ಆ ಅಂಗಡಿಯೇ ಊಟ, ಆ ಅಂಗಡಿಯೇ ಮಾನ. ಹಿಂದಿನ ವಾರ ದೊಡ್ಡ ಆಸ್ಪತ್ರೆಯ ವೈದ್ಯರು ಎಕ್ಸ್‌ರೇ ನೋಡಿ, ಹುಣ್ಣು ಹೀಗೇ ಆಳಕ್ಕೆ ಹೋದರೆ ಎಲುಬು ಕೆಡುತ್ತದೆ, ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಗುತ್ತದೆ ಎಂದು ಹೇಳಿ ಒಪ್ಪಿಗೆ ಪತ್ರ ಕೈಗೆ ಕೊಟ್ಟಿದ್ದರು. ಸಹಿಯ ಜಾಗ ಖಾಲಿ ಇತ್ತು. ಕಾಲು ಹೋದರೆ ಗುಡ್ಡ ಹೋಯಿತು, ಗುಡ್ಡ ಹೋದರೆ ಆಕೆಗೆ ಉಳಿಯುವುದೇನೂ ಇಲ್ಲ.

ನಾನು ವೈದ್ಯರಿಗೆ ಫೋನ್ ಮಾಡಿದೆ. ಅವರು ಒಳ್ಳೆಯವರು, ಕತ್ತರಿ ಹಿಡಿಯಲು ಅವಸರ ಪಡುವವರಲ್ಲ. "ಎಂಟು ವಾರ ಕೊಡ್ತೇನಿ ಸಿಸ್ಟರ್. ಹುಣ್ಣಿನ ಗುಳಿಗಿ ತಪ್ಪಸಬಾರದು. ಜ್ವರ ಬಂತು, ವಾಸನಿ ಬಂತು ಅಂದ್ರ ಅವತ್ತ ಕರಕೊಂಡ ಬರ್ರಿ. ಎಂಟು ವಾರದಾಗ ಹುಣ್ಣ ಮುಚ್ಚಲಿಲ್ಲಂದ್ರ ಮತ್ತ ನನ್ನ ಕೂಡ ವಾದ ಮಾಡಬ್ಯಾಡ್ರಿ," ಎಂದರು.

ಚಪ್ಪಲಿ ಯಾಕೆ ಸವೆದಿಲ್ಲ ಎಂದು ತಿಳಿಯಲು ಮರುದಿನವೇ ಗುಡ್ಡ ಹತ್ತಿದೆ. ಶಿವರಾತ್ರಿ ಮುಗಿದು ಬಿಸಿಲು ಏರುತ್ತಿದ್ದ ಕಾಲ. ಏರು ಶುರುವಾಗುವಲ್ಲಿ ಭಂಡಾರದಕ್ಕ ಬಗ್ಗಿ, ನಾವು ಮಾಡಿಕೊಟ್ಟ ಚಪ್ಪಲಿಯನ್ನು ಬಿಚ್ಚಿ, ಸೆರಗಿನಿಂದ ಒರೆಸಿ, ಚೀಲದಲ್ಲಿ ಹಾಕಿಕೊಂಡಳು. ಅಲ್ಲಿಂದ ಬರಿಗಾಲು. ಸಂಜೆವರೆಗೂ ಕಾದ ಹಾಸುಗಲ್ಲಿನ ಮೇಲೆ ಬರಿಗಾಲು.

"ಇದೇನ್ರಿ ಅಕ್ಕಾರ!"

"ನಮ್ಮ ಮನಿತನದ ಹೆಣ್ಮಕ್ಕಳು ಗುಡ್ಡದ ಮ್ಯಾಲೆ ಚರ್ಮಾ ಮೆಟ್ಟಂಗಿಲ್ಲರಿ. ನಮ್ಮವ್ವ ಮೆಟ್ಟಿಲ್ಲ, ನಮ್ಮಾಯಿ ಮೆಟ್ಟಿಲ್ಲ. ನಾ ಹೆಂಗ ಮೆಟ್ಟಲಿ?"

ಮೂರು ತಿಂಗಳ ಹಿಂದೆ ನಾವು ಆಕೆಯ ಹತ್ತಿರ ಎಲ್ಲವನ್ನೂ ಕೇಳಿದ್ದೆವು. ಸ್ಪರ್ಶ ಎಲ್ಲಿಯತನಕ ಇದೆ, ಗುಳಿಗೆ ಯಾವಾಗ ಮುಗಿಯಿತು, ದಿನಕ್ಕೆ ಎಷ್ಟು ನಡೆಯುತ್ತೀರಿ. ಯಾವ ನೆಲದ ಮೇಲೆ ನಡೆಯುತ್ತೀರಿ ಎಂದು ಕೇಳಿರಲಿಲ್ಲ. ನನ್ನ ಗಂಡ ತಮ್ಮ ಅಪ್ಪ ಕಲಿಸಿದಂತೆ ಅತಿ ಮೆತ್ತನೆಯ ಚರ್ಮ ಹುಡುಕಿ ತಂದು, ಬೆಣ್ಣೆಯಂಥ ಪಟ್ಟಿ ಹೊಲಿದಿದ್ದರು. ಕೆಲಸ ಎಷ್ಟು ಚೆಂದವಾಗಿತ್ತೋ ಅಷ್ಟೇ ನಿರುಪಯೋಗವಾಗಿತ್ತು.

ನಾನೂ ನನ್ನ ಚಪ್ಪಲಿ ಬಿಚ್ಚಿ ಆಕೆಯ ಜೊತೆ ನಡೆದೆ. ಹತ್ತು ಹೆಜ್ಜೆಗೆ ಕುಣಿಯತೊಡಗಿದೆ. ಭಂಡಾರದಕ್ಕ ನನ್ನನ್ನು ನೋಡಿ ನಕ್ಕಳು. "ನೀವು ಪುಣ್ಯಾ ಮಾಡೀರಿ ಬಾಯಾರ. ಸುಡೂದು ಗೊತ್ತಾಗ್ತೈತಿ."

ಮೊದಲು ಪ್ಲಾಸ್ಟರ್ ಹಾಕಿ ನೋಡಿದೆವು. ಅದರಲ್ಲಿ ಚರ್ಮವಿಲ್ಲ. ಪಾದದಿಂದ ಮೊಣಕಾಲಿನ ಕೆಳಗಿನವರೆಗೆ ಮೈಗೆ ಅಂಟಿದಂತೆ ಸುತ್ತಿ, ಅಡಿಯಲ್ಲಿ ರಬ್ಬರಿನ ಹಿಮ್ಮಡಿ ಕೂಡಿಸಿದರೆ ಭಾರ ಹಂಚಿಹೋಗಿ ಹುಣ್ಣಿಗೆ ವಿಶ್ರಾಂತಿ ಸಿಗುತ್ತದೆ. ನೀರು ಮುಟ್ಟಿಸಬೇಡಿ ಎಂದು ಮೂರು ಸಲ ಹೇಳಿದೆ. ಎರಡನೇ ವಾರ ಹೋಗಿ ನೋಡಿದರೆ ಪ್ಲಾಸ್ಟರ್ ನೆನೆದ ಹಿಟ್ಟಿನಂತೆ ಕುಸಿದಿತ್ತು. ಮಂಗಳವಾರ ಶುಕ್ರವಾರ ಅಂಗಡಿಯ ಕಟ್ಟೆ ತೊಳೆಯದೆ ಆಕೆ ವ್ಯಾಪಾರಕ್ಕೆ ಕೂರುವವಳಲ್ಲ. ಕುಸಿದ ಅಂಚು ಕಾಲಿನ ಹರಡಿನ ಮೇಲೆ ತಿಕ್ಕಿ ಹೊಸದೊಂದು ಗಾಯ ಮಾಡಿತ್ತು. ಅದು ಒಣಗುವವರೆಗೆ ಮತ್ತೆ ಪ್ಲಾಸ್ಟರ್ ಹಾಕುವಂತಿಲ್ಲ. ಹರಡು ಒಣಗಲು ಒಂದು ವಾರ ಹೋಯಿತು. ಎಂಟರಲ್ಲಿ ಮೂರು ಕಳೆದವು. ಇನ್ನೊಂದು ಪ್ಲಾಸ್ಟರ್ ಕಟ್ಟಿದರೆ ಅದನ್ನೂ ಆಕೆ ತೊಳೆದೇ ತೀರುತ್ತಾಳೆ. ಕುಸಿದ ಪ್ಲಾಸ್ಟರ್ ಕಂಡ ದಿನ ನಾನು ಆಕೆಯ ಮೇಲೆ ಕೂಗಾಡಿದೆ. ಕೂಗಾಡಿದ್ದು ತಪ್ಪು. ಬಸ್ಸಿನಲ್ಲಿ ಕೂತ ಮೇಲೆ ನಾಚಿಕೆಯಾಯಿತು.

ಬೈಲಹೊಂಗಲ ಬರುವಷ್ಟರಲ್ಲಿ ನಿರ್ಧಾರ ಮಾಡಿದ್ದೆ. "ಚರ್ಮಾ ಇಲ್ಲದ ಚಪ್ಲಿ ಮಾಡ್ರಿ," ಎಂದೆ ಗಂಡನಿಗೆ.

"ಚರ್ಮಾ ಇಲ್ಲದ ಏನ್ ಮಾಡ್ಲಿ? ಪ್ಲಾಸ್ಟಿಕ್ ಪಟ್ಟಿ ಕಾಲ ಕೊರೀತೈತಿ. ನಮ್ಮಪ್ಪ ಇದ್ದಿದ್ರ ನನ್ನ ಕೈಯಾಗಿನ ಉಳಿ ಕಸಗೋತಿದ್ದ."

"ನಿಮ್ಮಪ್ಪ ಕಾಲ ನೋಡಿ ಚಪ್ಲಿ ಮಾಡ್ತಿದ್ರು. ನೀವೂ ಕಾಲ ನೋಡ್ರಿ."

ಅಂಗಳದಲ್ಲಿ ಅತ್ತೆಯ ಮಂಚವಿತ್ತು, ಹತ್ತಿಯ ನವಾರ ಪಟ್ಟಿ ಹೆಣೆದ ಹಳೆಯ ಮಂಚ. ಗಂಡ ಅದರ ಪಟ್ಟಿಯನ್ನು ಹೆಬ್ಬೆರಳಿನಿಂದ ತೀಡುತ್ತ ನಿಂತದ್ದು ನನಗೆ ಕಾಣಿಸಿತು. ಮರುದಿನ ಬೆಳಿಗ್ಗೆ ಪೇಟೆಯಿಂದ ಹೊಸ ನವಾರ ತಂದರು. ಅಡಿಗೆ ಮೆತ್ತನೆಯ ರಬ್ಬರು, ಅದರ ಕೆಳಗೆ ಗಟ್ಟಿ ಟೈರು, ಮೇಲೆ ನವಾರದ ಪಟ್ಟಿ. ಕೆಲಸದ ಪುಸ್ತಕದಲ್ಲಿ ಎಂದಿನ ಪ್ರಾಮಾಣಿಕತೆಯಿಂದ ಹೀಗೆ ಬರೆದರು: ಗುಡ್ಡ ಹತ್ತುವ ಚಪ್ಪಲಿ, ಒಂದು ಜೋಡಿ.

ಆ ಪುಸ್ತಕವನ್ನು ತಿಂಗಳಿಗೊಮ್ಮೆ ಸಭೆಯ ಕಾರ್ಯದರ್ಶಿ ನೋಡುತ್ತಾರೆ. ನಮಗೆ ರಬ್ಬರು ಬರುವುದು ಸಭೆಯ ಕಮಿಟಿಯಿಂದ. ಆ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮಿಬ್ಬರನ್ನೂ ಒಳಕೋಣೆಗೆ ಕರೆದರು. ಕಮಿಟಿಯ ಹಿರಿಯರು ನಾಲ್ಕು ಜನ ಕೂತಿದ್ದರು.

"ಏನಿದು ತಂಗಿ? ಆಕಿ ಅಲ್ಲಿಗೆ ಹೋಗೂದು ಬಿಡ್ಲಿ ಅಂತ ನಾವು ಪ್ರಾರ್ಥನಾ ಮಾಡಬೇಕು. ನೀವು ಹೋಗಾಕ ಚಪ್ಲಿ ಹೊಲದ ಕೊಡ್ತೀರಿ?" ಕಾರ್ಯದರ್ಶಿ ಕೇಳಿದರು. ಅವರು ಕೆಟ್ಟವರಲ್ಲ, ಕೆಟ್ಟ ಶಬ್ದ ಬಾಯಿಂದ ಬಂದದ್ದು ನಾನು ಕೇಳಿಲ್ಲ. ಅಂಥವರ ಎದುರು ಮಾತಾಡುವುದೇ ಹೆಚ್ಚು ಕಷ್ಟ. "ಮತ್ತ ಆ ಹೆಣ್ಮಗಳದೊಂದು ಫೋಟೋ, ದೇವರು ತನಗೇನ್ ಮಾಡಿದ ಅಂತ ನಾಕ ಸಾಲಿನ ಸಾಕ್ಷಿ ಬೇಕಂತ ಎರಡ ಸಲಾ ಹೇಳೇನಿ. ಸಹಾಯ ಮಾಡೂ ಮಂದಿಗೆ ಏನ್ ತೋರಸೂದು?"

ನನಗೆ ಒಳಗಿನಿಂದ ಉರಿದುಬಂತು. ಗುಡ್ ಫ್ರೈಡೇ ಹಿಂದಿನ ಗುರುವಾರ ನಮ್ಮಲ್ಲಿ ಪಾದ ತೊಳೆಯುವ ಆರಾಧನೆ ಇದೆ. ಸಭೆಯ ಹನ್ನೆರಡು ಜನ ಸಾಲಾಗಿ ಕೂರುತ್ತಾರೆ, ಹಿರಿಯರು ಬೋಗುಣಿ ಟವೆಲು ಹಿಡಿದು ಅವರ ಕಾಲು ತೊಳೆಯುತ್ತಾರೆ. ಮುಂದಿನ ವಾರವೇ ಅದು ಇತ್ತು.

"ಸರ್, ಬರೂ ಗುರುವಾರ ನೀವು ಹನ್ನೆರಡು ಮಂದಿ ಕಾಲ ತೊಳೀತೀರಿ. ಹನ್ನೆರಡೂ ಮಂದಿ ಮನ್ಯಾಗ ಸಾಬೂನ ಹಚ್ಚಿ ತಿಕ್ಕೊಂಡ ಬಂದಿರ್ತಾರ. ನಮ್ಮ ಕಡೆ ಬರೂ ಕಾಲು ಹಂಗ ಬರಂಗಿಲ್ಲ. ಹೆಂಗ ಬರ್ತಾವೋ ಹಂಗ ತೊಡಿ ಮ್ಯಾಲೆ ಇಟ್ಕೋಬೇಕು. ಎಲ್ಲಿ ನಡೀತಾವೋ ಅಲ್ಲಿಗೆ ಹೊಂದೂ ಚಪ್ಲಿ ಮಾಡಬೇಕು. ದಾರಿ ಗೊತ್ತು ಮಾಡೂದು ನಮ್ಮ ಕೆಲಸಲ್ಲ. ಫೋಟೋ ಅಂತೂ ಕೊಡಂಗಿಲ್ಲ. ಆಕಿ ಬ್ಯಾನಿ ಬಾಜೂ ಅಂಗಡಿಯವರಿಗೂ ಗೊತ್ತಿಲ್ಲ."

"ಕಮಿಟಿ ಒಪ್ಪಂಗಿಲ್ಲ ತಂಗಿ," ಎಂದರು ಕಾರ್ಯದರ್ಶಿ.

ನಾನು ಉಗರಗೋಳದ ಕೋಣೆಯ ಕೀಲಿಕೈ ತೆಗೆದು ಮೇಜಿನ ಮೇಲೆ ಇಟ್ಟೆ. "ಹಂಗಾರ ನಾಳಿ ಸ್ವಾಮಾರ ಕಮಿಟೀನ ಹೋಗ್ಲಿ. ಬ್ಲೇಡು, ಬೋಗುಣಿ ಎಲ್ಲಾ ಕಪಾಟಿನ್ಯಾಗ ಅದಾವ. ಹದಿನೈದ ಮಂದಿ ಬರ್ತಾರ. ಮೊದಲ ಇಪ್ಪತ್ತ ನಿಮಿಷ ಕಾಲ ನೆನಸ್ರಿ, ಆಮ್ಯಾಲ ಸತ್ತ ಚರ್ಮಾ ಹೆರೀರಿ. ಸಾವಕಾಶ ಹೆರೀಬೇಕು, ಅವರಿಗೆ ನೋವು ಗೊತ್ತಾಗಂಗಿಲ್ಲ."

ಕೀಲಿಕೈಯನ್ನು ಯಾರೂ ಮುಟ್ಟಲಿಲ್ಲ. ನಾನೇ ಅದನ್ನು ತೆಗೆದುಕೊಂಡು ಹೊರಬಂದೆ. "ಪುಸ್ತಕದಾಗ ಹಂಗ ಬರೀಬಾರದಿತ್ತೇನು?" ಮೆಟ್ಟಿಲು ಇಳಿಯುವಾಗ ಗಂಡ ಮೆಲ್ಲಗೆ ಕೇಳಿದರು. ಬರೆದದ್ದೇ ಒಳ್ಳೆಯದಾಯಿತು ಎಂದೆ.

ಸೋಮವಾರ ಮೊದಲ ಜೋಡಿ ಕೊಂಡೊಯ್ದೆವು. ಭಂಡಾರದಕ್ಕ ಅದನ್ನು ಮೂಸಿ ನೋಡಿದಳು. "ಅಂಟಿನ್ಯಾಗ ಏನೈತ್ರಿ?"

"ಬರೇ ರಬ್ಬರ್ ಅಂಟ ಐತ್ರಿ ಅಕ್ಕಾರ. ಚರ್ಮಾ ಇಲ್ಲ, ದನದ ಎಲುಬಿನ ಸರೇಸು ಇಲ್ಲ," ನನ್ನ ಗಂಡ ಹೇಳಿದರು.

ಆಕೆ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ನವಾರದ ಬೂದು ಬಣ್ಣ ಆಕೆಗೆ ಹಿಡಿಸಲಿಲ್ಲ. ಒಂದು ದಿನ ತಡೆಯಿರಿ ಎಂದು ಚಪ್ಪಲಿ ಒಯ್ದಳು. ಬುಧವಾರ ನಾವು ಕಿತ್ತೂರಿನಲ್ಲಿದ್ದಾಗ ಫೋನ್ ಮಾಡಿ ಹಾಕಿಕೊಂಡೆನೆಂದು ಹೇಳಿದಳು. ಮುಂದಿನ ಸೋಮವಾರ ನೋಡಿದರೆ ಪಟ್ಟಿಗೆಲ್ಲ ಅರಿಶಿನದ ನೀರು ಕುಡಿಸಿದ್ದಳು. ಎದ್ದು ಕಾಣುವ ಹಳದಿ. ನಮ್ಮ ಕರಿ ಚಪ್ಪಲಿ ನೋಡಿದೊಡನೆ ಇದು ದೊಡ್ಡ ಬ್ಯಾನಿಯವರದು ಎಂದು ಜನ ಗುರುತಿಸುತ್ತಾರೆ. ಈ ಹಳದಿಯನ್ನು ಯಾರೂ ಹಾಗೆ ಗುರುತಿಸುವಂತಿರಲಿಲ್ಲ. ಇಷ್ಟು ವರ್ಷ ಈ ಕೆಲಸ ಮಾಡಿದ ನಮಗೆ ಹೊಳೆಯದ್ದು ಆಕೆಗೆ ಒಂದು ದಿನದಲ್ಲಿ ಹೊಳೆದಿತ್ತು.

ಆದರೆ ಚಪ್ಪಲಿ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ನವಾರದ ಅಂಚು ಕಿರುಬೆರಳನ್ನು ಕೆಂಪು ಮಾಡಿತ್ತು. ಅತ್ತೆಯ ಹಳೆಯ ಸೀರೆ ಹರಿದು ಒಳಗೆ ಮಡಿಕೆ ಕೊಟ್ಟೆವು. ಎಣ್ಣೆ ಚೆಲ್ಲಿದ ಕಲ್ಲಿನ ಮೇಲೆ ಅಡಿ ಜಾರಿತು, ಟೈರಿಗೆ ಅಡ್ಡ ಗೀರು ಕೊರೆದೆವು. ಎಲ್ಲಕ್ಕಿಂತ ದೊಡ್ಡ ತೊಂದರೆ ಭಾರದ್ದು. ಬಿಳಿ ಕಾಗದವನ್ನು ಪಾದದ ಆಕಾರಕ್ಕೆ ಕತ್ತರಿಸಿ, ಮೇಲೆ ಕಾರ್ಬನ್ ಹಾಳೆ ಇಟ್ಟು, ಚಪ್ಪಲಿಯೊಳಗೆ ಹಾಕಿ ಹತ್ತು ಹೆಜ್ಜೆ ನಡೆಸಿದರೆ ಭಾರ ಬಿದ್ದಲ್ಲಿ ಕಾಗದ ಕಪ್ಪಾಗುತ್ತದೆ. ಹುಣ್ಣಿದ್ದ ಹೆಬ್ಬೆರಳಿನ ಬುಡದಲ್ಲೇ ದಟ್ಟ ಕಪ್ಪು. ನನ್ನ ಗಂಡ ಅಡಿಯನ್ನು ಬಿಚ್ಚಿ, ಬಾಗದ ಗಟ್ಟಿ ಪದರವೊಂದನ್ನು ಸೇರಿಸಿ, ಹುಣ್ಣಿನ ಸ್ವಲ್ಪ ಹಿಂದೆ ಅಡ್ಡಲಾಗಿ ರಬ್ಬರಿನ ಪಟ್ಟಿ ಕೂಡಿಸಿದರು. ಮತ್ತೆ ಕಾಗದ, ಮತ್ತೆ ಹತ್ತು ಹೆಜ್ಜೆ. ಪಟ್ಟಿಯನ್ನು ಒಂದು ಜೋಳದ ಕಾಳಿನಷ್ಟು ಹಿಂದೆ ಸರಿಸಿದರು. ಮತ್ತೆ ಕಾಗದ. ನಾಲ್ಕನೇ ಸಲಕ್ಕೆ ಕಪ್ಪು ತಿಳಿಯಾಯಿತು. ಎಂಟರಲ್ಲಿ ಆಗ ಐದು ವಾರ ಮುಗಿದಿದ್ದವು.

ದವನದ ಹುಣ್ಣಿಮೆಯ ಜನ ಸೇರುವ ದಿನಗಳು ಬಂದವು. ಆ ದಿನಗಳಲ್ಲಿ ಭಂಡಾರದಕ್ಕ ಕೋಣೆಗೆ ಇಳಿದು ಬರುವುದು ಸಾಧ್ಯವಿರಲಿಲ್ಲ, ನಾನೇ ಮೇಲೆ ಹೋಗಿ ಅಂಗಡಿಯ ಹಿಂದೆ ಪರದೆ ಕಟ್ಟಿಕೊಂಡು ಹುಣ್ಣು ಕಟ್ಟುತ್ತಿದ್ದೆ. ನಾನು ಮೂರನೇ ಸಲ ಹೋದಾಗ ಪಕ್ಕದ ತೆಂಗಿನಕಾಯಿ ಅಂಗಡಿಯವನು ದಾರಿಗೆ ಅಡ್ಡ ನಿಂತ.

"ನೀವು ಚರ್ಚಿನ ಮಂದಿ ಅಲ್ಲೇನ್ರಿ? ದೇವೀ ಗುಡ್ಡದ ಮ್ಯಾಲೆ ಏನ್ ನಡಸೀರಿ? ಅಕ್ಕನ್ನ ನಿಮ್ಮ ಕಡೆ ಎಳಕೊಳ್ಳಾಕ ಬಂದೀರೇನು?"

ನನ್ನ ಬಾಯಲ್ಲಿ ಉತ್ತರ ಸಿದ್ಧವಿತ್ತು. ಆದರೆ ಪರದೆಯ ಹಿಂದಿನಿಂದ ಭಂಡಾರದಕ್ಕನ ದನಿ ಮೊದಲು ಬಂತು.

"ಏ ತಮ್ಮಾ, ಕಾಲ ನಂದು. ಯಾರ ಕೈಯಾಗ ಕೊಡಬೇಕಂತ ನಾ ನೋಡಕೋತೇನಿ. ನಿನಗಷ್ಟ ಕಾಳಜಿ ಇದ್ರ ನಾಕ ಕೊಡ ನೀರು ತಂದು ನನ್ನ ಕಟ್ಟಿ ತೊಳಿ. ಬಾಯಾರು ನನಗ ಓಡ್ಯಾಡಬ್ಯಾಡ ಅಂದಾರ."

ಅವನು ಏನೋ ಗೊಣಗಿದ. ಮರುದಿನ ಹೋದಾಗ ಕಟ್ಟೆ ತೊಳೆದಿತ್ತು, ಆಕೆಯ ಕಾಲು ಒಣಗಿತ್ತು. ಅವನು ನನ್ನ ಮುಖ ಮಾತ್ರ ನೋಡಲಿಲ್ಲ. ನೋಡದಿದ್ದರೆ ಬೇಡ, ನೀರು ತಂದನಲ್ಲ.

ಅತ್ತ ನಮ್ಮ ಸಭೆಯಲ್ಲಿ ಗುರುವಾರದ ಆರಾಧನೆ ಆಗಿಹೋಗಿತ್ತು. ಕಾರ್ಯದರ್ಶಿಯವರೂ ನನ್ನ ಮುಖ ನೋಡಿರಲಿಲ್ಲ. ಆದರೆ ರಬ್ಬರು ನಿಲ್ಲಿಸಲಿಲ್ಲ. ಗುಡ್ಡದ ಮೇಲೂ ಕೆಳಗೂ ನನ್ನನ್ನು ನೋಡದವರ ಸಂಖ್ಯೆ ಸಮನಾಯಿತು ಎಂದು ಗಂಡನಿಗೆ ಹೇಳಿ ನಗಿಸಿದೆ.

ಆರನೇ ವಾರ ಹುಣ್ಣಿನ ಅಂಚು ಒಳಗೆ ಸರಿಯಿತು. ತಳದಲ್ಲಿ ಕೆಂಪು ಮಾಂಸ ಕಂಡಿತು, ವಾಸನೆ ಇರಲಿಲ್ಲ. ಏಳನೇ ವಾರ ಒಂದು ಸಂಜೆ ಕಾಲು ಬಿಸಿಯಾಗಿದೆ ಎಂದು ಫೋನ್ ಬಂತು. ಬಸ್ಸಿಗೆ ಕಾಯದೆ ಹೋದೆವು. ಮುಟ್ಟಿ ನೋಡಿದರೆ ಎರಡೂ ಕಾಲು ಒಂದೇ ಬಿಸಿ, ಜ್ವರವಿಲ್ಲ. ಇಡೀ ದಿನ ಬಿಸಿಲಲ್ಲಿ ಕೂತಿದ್ದಳು ಅಷ್ಟೆ. ಆಕೆಯೆದುರು ನಗುತ್ತಿದ್ದೆ, ಹೊರಗೆ ಬಂದು ಅತ್ತುಬಿಟ್ಟೆ.

ಎಂಟನೇ ವಾರದ ಸೋಮವಾರ ಕಾಲು ನೆನೆಸಿ, ಹೆರೆದು, ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದೆ. ಹುಣ್ಣು ಮುಚ್ಚಿತ್ತು. ಉದ್ದಿನ ಕಾಳಿನಷ್ಟು ಗುಲಾಬಿ ಚರ್ಮ, ಅದರ ಸುತ್ತ ಒಣಗಿದ ಗಟ್ಟಿ ಅಂಚು. ಬೆರಳಿನಿಂದ ಒತ್ತಿದೆ. ಹನಿ ಕೀವಿಲ್ಲ, ಹನಿ ನೀರಿಲ್ಲ. ಫೋಟೋ ತೆಗೆದು ವೈದ್ಯರಿಗೆ ಕಳಿಸಿದೆ, ಕಾಲಿನದು ಮಾತ್ರ. "ಕರಕೊಂಡ ಬರೂದು ಬ್ಯಾಡ. ಚಪ್ಪಲಿ ಮಾತ್ರ ಬಿಡಸಬ್ಯಾಡ್ರಿ," ಎಂದು ಅವರು ಫೋನ್ ಇಟ್ಟರು.

ಕೊನೆಯ ಸಲ ಭಾರ ನೋಡಬೇಕಿತ್ತು. ನನ್ನ ಗಂಡ ಚೀಲ ತಡಕಿದರು, ಬಿಳಿ ಕಾಗದ ಮುಗಿದಿತ್ತು. ಭಂಡಾರದಕ್ಕ ತನ್ನ ಚೀಲದಿಂದ ಅರಿಶಿನದ ಡಬ್ಬಿ ತೆಗೆದು, ಅದರ ತಳದಿಂದ ಮಡಿಸಿದ ಹಾಳೆಯೊಂದನ್ನು ಹೊರಗೆಳೆದಳು. ಮಡಿಕೆಯಲ್ಲೆಲ್ಲ ಹಳದಿ. ಆಸ್ಪತ್ರೆಯ ಒಪ್ಪಿಗೆ ಪತ್ರ ಅದು. ಸಹಿಯ ಜಾಗ ಇನ್ನೂ ಖಾಲಿ ಇತ್ತು.

"ಕತ್ತರಸೂದ ಇದ್ರ ಇದನ್ನ ಕತ್ತರಸ್ರಿ," ಎಂದಳು.

ನನ್ನ ಗಂಡ ಕತ್ತರಿ ಹಿಡಿದು ನನ್ನತ್ತ ನೋಡಿದರು. ಆಮೇಲೆ ಆ ಹಾಳೆಯ ಮೇಲೆ ಆಕೆಯ ಬಲಪಾದವಿಟ್ಟು ಸುತ್ತ ಗೆರೆ ಎಳೆದು, ಆ ಗೆರೆಗುಂಟ ನಿಧಾನವಾಗಿ ಕತ್ತರಿಸಿದರು. ಬರಹವಿಲ್ಲದ ಬದಿ ಮೇಲೆ ಬರುವಂತೆ ಚಪ್ಪಲಿಯೊಳಗೆ ಹಾಕಿ, ಕಾರ್ಬನ್ ಇಟ್ಟರು. ಭಂಡಾರದಕ್ಕ ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ಹತ್ತು ಹೆಜ್ಜೆ ನಡೆದಳು. ತೆಗೆದು ನೋಡಿದರೆ ಹಿಮ್ಮಡಿಯಿಂದ ಬೆರಳವರೆಗೆ ಒಂದೇ ಸಮನಾದ ತಿಳಿ ಬೂದು. ಹೆಬ್ಬೆರಳಿನ ಬುಡದಲ್ಲಿ ಎಲ್ಲೂ ಕಪ್ಪಿರಲಿಲ್ಲ.

ನಾನು ಅದನ್ನು ನಮ್ಮ ದಾಖಲೆಗೆ ಇಟ್ಟುಕೊಳ್ಳಲು ಕೈ ಚಾಚಿದೆ. ಆಕೆ ಕೊಡಲಿಲ್ಲ. "ಇದು ನಂದ್ರಿ ಬಾಯಾರ," ಎಂದು ಮಡಿಸಿ, ಡಬ್ಬಿಯಲ್ಲಿ ಅರಿಶಿನದ ತಳಕ್ಕೆ ಸೇರಿಸಿದಳು.

ಆ ಭಾನುವಾರ ಸಭೆ ಮುಗಿದ ಮೇಲೆ ಕಾರ್ಯದರ್ಶಿ ಬಾಗಿಲಲ್ಲಿ ನಿಲ್ಲಿಸಿದರು. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. "ಕಾಲ ಉಳೀತಂತಲ್ಲ ತಂಗಿ, ದೇವರ ಕೃಪಾ. ಈಗಾದ್ರೂ ಒಂದ್ ಸಾಕ್ಷಿ ಕೊಡ್ತೀರಿಲ್ಲೊ?"

"ಸಾಕ್ಷಿ ಐತ್ರಿ ಸರ್. ಗುಡ್ಡದ ಮ್ಯಾಲೆ, ಭಂಡಾರದ ಡಬ್ಬ್ಯಾಗ ಐತಿ. ಹೋಗಿ ನೋಡಕೊಂಡ ಬರ್ರಿ," ಎಂದೆ. ಅವರ ಕಾಲಲ್ಲಿ ಭಾನುವಾರಕ್ಕೆಂದು ಪಾಲಿಶ್ ಮಾಡಿದ ಚರ್ಮದ ಬೂಟು ಹೊಳೆಯುತ್ತಿದ್ದವು.

"ಹತ್ತೂಮುಂದ ಬೂಟ ಮಾತ್ರ ಕೆಳಗ ಬಿಟ್ಟ ಹತ್ರಿ. ಬರಿಗಾಲು ಬ್ಯಾಡಂದ್ರ ನಮ್ಮ ಯಜಮಾನ್ರಿಗೆ ಕಾಲಿನ ಅಳತಿ ಕೊಟ್ಟ ಹೋಗ್ರಿ."